ಎಲೆ ಬಿಟ್ಟರೆ ಕಸ ಅಂತಾರೆ, ಗುಡಿಸಿದರೆ ಮಣ್ಣು ಬಿರಿಯುತ್ತೆ: ಹಿತ್ತಲಿಗೆ ಹೊದಿಕೆ ಹಾಕೋದಾ, ಬೇಡ್ವಾ?

ಹಿರಿಯೂರು ಹಿತ್ತಲು | ಮಾರ್ಚ್ 9

ಎಲ್ಲರಿಗೂ ನಮಸ್ಕಾರ. ನಮ್ಮದು ಹಿರಿಯೂರು. ಮನೆ ಹಿಂದೆ 15 ಅಡಿಗೆ 20 ಅಡಿಯ ಹಿತ್ತಲಿದೆ. ಒಂದು ನಿಂಬೆ, ಒಂದು ಕರಿಬೇವು, ಎರಡು ಸಾಲು ಬದನೆ, ಒಂದಷ್ಟು ಮೆಣಸಿನ ಗಿಡ. ಮೂಲೆಯಲ್ಲಿ ನಮ್ಮತ್ತೆಯ ದುಂಡು ಮಲ್ಲಿಗೆ. ಅದು ಅವರದ್ದು, ನಾನು ಮುಟ್ಟುವ ಹಾಗಿಲ್ಲ.

ಮನೆ ಕಟ್ಟಿದಾಗ ಜಾಗ ತಗ್ಗಿತ್ತು ಅಂತ ಐದು ಟ್ರ್ಯಾಕ್ಟರ್ ಕೆರೆ ಗೋಡು ಹೊಡೆಸಿದ್ದೆವು. ಮಳೆ ಬಂದರೆ ಚಪ್ಪಲಿ ಕಿತ್ತುಕೊಳ್ಳುತ್ತೆ. ಬಿಸಿಲು ಬಂತೋ, ಬಿರುಕು. ಮೊನ್ನೆ ನನ್ನ ಮಗಳು ಬದನೆ ಗಿಡದ ಪಕ್ಕದ ಬಿರುಕಿನೊಳಗೆ ಪೆನ್ಸಿಲ್ ಇಳಿಬಿಟ್ಟಳು. ಹೊಸ ಪೆನ್ಸಿಲ್ಲು, ಪೂರ್ತಿ ಒಳಗೆ ಹೋಯಿತು. ತೆಗೆಯೋಕೆ ಆಗಲಿಲ್ಲ, ಇನ್ನೂ ಅಲ್ಲೇ ಇದೆ.

ನೀರಿನ ವಿಷಯ ಹೇಳಬೇಕಿಲ್ಲ. ವಾಣಿವಿಲಾಸ ಸಾಗರ ಇರೋದು ನಮ್ಮ ತಾಲ್ಲೂಕಿನಲ್ಲೇ. 2022ರಲ್ಲಿ 89 ವರ್ಷ ಆದ ಮೇಲೆ ಕೋಡಿ ಬಿದ್ದಾಗ ನಾವೂ ಗಾಡಿ ಮಾಡಿಕೊಂಡು ನೋಡಿ ಬಂದೆವು. ಆದರೆ ಹಿತ್ತಲಿಗೆ ಬರೋದು ಮೂರು ದಿನಕ್ಕೊಮ್ಮೆ ಬಿಡುವ ನಲ್ಲಿ ನೀರು. ಬದನೆಗೆ ದಿನಾ ಸಂಜೆ ನಾಲ್ಕು ಕೊಡ ಹೊತ್ತು ಹಾಕ್ತೀನಿ. ಮಾರನೇ ದಿನ ಮಧ್ಯಾಹ್ನ ಎರಡು ಗಂಟೆಗೆ ನೋಡಿದರೆ ಎಲೆ ಎಲ್ಲಾ ಕಿವಿ ಜೋತು ಬಿಟ್ಟ ಹಾಗೆ ನಿಂತಿರುತ್ತೆ.

ಗಿಡದ ಬುಡಕ್ಕೆ ಒಣ ಎಲೆ ಮುಚ್ಚಿದರೆ ನೀರು ಉಳಿಯುತ್ತೆ, ಮಲ್ಚಿಂಗ್ ಅಂತಾರೆ ಅದಕ್ಕೆ, ಅಂತ ನನ್ನ ತಮ್ಮ ಹೇಳಿದ. ಎಲೆಗೇನೂ ಬರ ಇಲ್ಲ. ಪಕ್ಕದ ಮನೆಯ ಬೇವಿನ ಮರ ಈಗ ಎಲೆ ಉದುರಿಸೋ ಕಾಲ, ಅರ್ಧ ನಮ್ಮ ಕಡೆಗೇ ಬೀಳುತ್ತೆ. ತೊಂದರೆ ಇರೋದು ನಮ್ಮತ್ತೆ ಹತ್ತಿರ. ಬೆಳಿಗ್ಗೆ ಐದೂವರೆಗೆ ಪೊರಕೆ ಹಿಡಿದರೆ ಹಿತ್ತಲು ಕನ್ನಡಿ ಥರ ಆಗೋವರೆಗೂ ಬಿಡೋದಿಲ್ಲ. ಗುಡಿಸಿದ್ದೆಲ್ಲ ಮೂಲೆಗೆ ಹಾಕಿ ಬೆಂಕಿ ಕೊಡ್ತಾರೆ. ನಾನು ಎರಡು ಸಲ ಎಲೆ ತಂದು ಬುಡಕ್ಕೆ ಹರಡಿದೆ. ಎರಡು ಸಲವೂ ಬೆಳಗಾಗೋದರೊಳಗೆ ಮಾಯ. "ಮನೆ ಹಿಂದೆ ಕಸ ಇಟ್ಕೊಂಡು ಹಾವಿಗೆ ಕಾಗದ ಬರೆದು ಕರೀತೀಯಾ?" ಅಂತಾರೆ. ಅವರು ಹೇಳೋದೂ ಪೂರ್ತಿ ತಪ್ಪು ಅಂತ ನನಗೆ ಅನಿಸೋಲ್ಲ. ನಮ್ಮ ಕಡೆ ಹಾವು ಚೇಳು ಎರಡೂ ಇವೆ.

ನಿಜವಾಗಿ ಮಾಡಿ ನೋಡಿದವರು ಹೇಳಿ. ಉಪಯೋಗ ಇದೆಯಾ? ಗೆದ್ದಲು ಹಿಡಿಯೋಲ್ವಾ? ಹಾವಿನ ಮಾತಿಗೆ ಏನು ಉತ್ತರ ಕೊಡಲಿ?

---

ಶಿರಸಿ ತೋಟಿಗ | ಮಾರ್ಚ್ 9

ತಂಗೀ, ನಿಮ್ಮ ಪೆನ್ಸಿಲ್ ಕಥೆ ಓದಿ ನಗು ಬಂತು, ಮಣ್ಣಿನ ಬಗ್ಗೆ ಮರುಕವೂ ಆಯಿತು.

ನಮ್ಮಲ್ಲಿ ಇದಕ್ಕೆ ಹೊಸ ಹೆಸರು ಬೇಕಾಗಲಿಲ್ಲ. ತೋಟಕ್ಕೆ ಸೊಪ್ಪು ಹಾಕೋದು, ಅಷ್ಟೆ. ಬ್ರಿಟಿಷರ ಕಾಲದಿಂದಲೂ ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನ ಬೆಟ್ಟ, ಅಂದರೆ ಸೊಪ್ಪು ದರಕು ತರೋಕೆ ಬಿಟ್ಟ ಕಾಡು, ಬಳಸಿಕೊಳ್ಳುವ ಹಕ್ಕು ನಮ್ಮ ಕಡೆಯವರಿಗಿದೆ. ಒಂದಕ್ಕೆ ಒಂಬತ್ತು! ಒಂದು ತೋಟದ ನೆಲ ಮುಚ್ಚೋಕೆ ಎಷ್ಟು ಎಲೆ ಬೇಕು ಅನ್ನೋದು ಅದರಲ್ಲೇ ಗೊತ್ತಾಗುತ್ತೆ. ಬೇಸಿಗೆಯಲ್ಲಿ ದರಕು ಗುಡಿಸಿ ತರ್ತೇವೆ. ದರಕು ಅಂದರೆ ಕಾಡಿನ ಒಣ ಎಲೆ. ಒಂದಿಷ್ಟು ಕೊಟ್ಟಿಗೆಗೆ ಹಾಸಿ, ಸಗಣಿ ಗಂಜಲ ಕುಡಿದ ಮೇಲೆ ಗೊಬ್ಬರಗುಂಡಿಗೆ. ಇನ್ನೊಂದಿಷ್ಟು ನೇರ ಮರದ ಬುಡಕ್ಕೆ. ಹಾಗಾಗಿ ನಮ್ಮ ಮನೆಯಲ್ಲೂ ಗುಡಿಸ್ತಾರೆ, ಆದರೆ ಸುಡೋಕಲ್ಲ. ಒಂದು ಮಂಕರಿ ಎಲೆ ಸುಟ್ಟರೆ ಒಂದು ಬೊಗಸೆ ಬೂದಿ ಸಿಗುತ್ತೆ. ಮಿಕ್ಕಿದ್ದು ಹೊಗೆಯಾಗಿ ಪಕ್ಕದ ಮನೆಯವರ ಮೂಗಿಗೆ.

ಒಂದು ಮಾತು ಗಮನಿಸಿ. ನಮ್ಮಲ್ಲಿ ಹೊದಿಕೆ ಇರೋದು ಮುಖ್ಯವಾಗಿ ಮಳೆಗೆ. ಇಲ್ಲಿ ಜೂನ್‌ನಿಂದ ಮೂರು ತಿಂಗಳು ಹೊಯ್ಯೋ ಮಳೆಗೆ ಬರಿ ನೆಲ ಕೊಟ್ಟರೆ ಮೇಲ್ಮಣ್ಣು ಹಳ್ಳ ಸೇರುತ್ತೆ. ಹನಿ ಎಲೆ ಮೇಲೆ ಬಿದ್ದು ಜಾರಿ ಇಳಿದರೆ ಮಣ್ಣು ಅಲ್ಲಾಡೋದಿಲ್ಲ. ನಿಮಗೆ ಬೇಕಾಗಿರೋದು ಬಿಸಿಲಿಗೆ. ಎಲೆ ಅದೇ, ಮಾಡೋ ಕೆಲಸ ಬೇರೆ. ಆದ್ದರಿಂದ ನಮ್ಮ ಲೆಕ್ಕವನ್ನೇ ನೀವು ಹಿಡಿಯಬೇಡಿ.

ನಿಮ್ಮ ಎರೆಮಣ್ಣಿಗೆ ನಾನಾದರೆ ಹೀಗೆ ಮಾಡ್ತಿದ್ದೆ. ಮೊದಲು ಬಿರುಕು ಮುಚ್ಚೋ ಹಾಗೆ ಮೇಲೆ ಸ್ವಲ್ಪ ಕೆದಕಿ. ಎರಡು ದಿನ ಚೆನ್ನಾಗಿ ನೀರು ಉಣಿಸಿ. ಆಮೇಲೆ ಮುಚ್ಚಿ. ಒಣ ಮಣ್ಣಿನ ಮೇಲೆ ಎಲೆ ಹಾಕಿ ಮೇಲಿಂದ ಒಂದು ಚೆಂಬು ನೀರು ಚಿಮುಕಿಸಿದರೆ ಎಲೆ ಕುಡಿಯುತ್ತೆ, ಬೇರಿಗೆ ಏನೂ ಸಿಗೋದಿಲ್ಲ. ತುಂಬಾ ಜನ ಎಡವೋದು ಇಲ್ಲೇ. ನಾಲ್ಕು ಬೆರಳು ದಪ್ಪ ಹಾಕಿ. ಬೇವಿನೆಲೆ ಸಣ್ಣದು, ವಾರದಲ್ಲಿ ಕುಗ್ಗಿ ಎರಡು ಬೆರಳಾಗುತ್ತೆ, ಮತ್ತೆ ಹಾಕಬೇಕು. ಕಾಂಡಕ್ಕೆ ಮಾತ್ರ ತಾಗಿಸಬೇಡಿ. ಸುತ್ತ ನಾಲ್ಕು ಬೆರಳು ಜಾಗ ಬಿಡಿ. ತಾಗಿಸಿದರೆ ಬುಡದ ತೊಗಟೆ ಸದಾ ಒದ್ದೆಯಾಗಿದ್ದು ಕೊಳೆಯುತ್ತೆ. ನಿಂಬೆಗಂತೂ ಇದು ಬಹಳ ಮುಖ್ಯ.

ಒಂದು ವಾರ ಬಿಟ್ಟು ನಡು ಮಧ್ಯಾಹ್ನ ಎಲೆ ಸರಿಸಿ ಅಂಗೈ ಇಡಿ. ಪಕ್ಕದ ಬರಿ ನೆಲದ ಮೇಲೂ ಇಡಿ. ನಾನು ಹೇಳೋದಕ್ಕಿಂತ ಅದೇ ಚೆನ್ನಾಗಿ ಹೇಳುತ್ತೆ.

---

ಮರದಪುಡಿ ಪೆಟ್ಟು | ಮಾರ್ಚ್ 10

ಎಲ್ಲರೂ ಹೊಗಳ್ತಿದ್ದೀರಿ, ನನ್ನ ಕಥೆಯೂ ಇರಲಿ. ದಾವಣಗೆರೆಯಲ್ಲಿ ಮನೆ. ಎರಡು ವರ್ಷದ ಹಿಂದೆ ಒಂದು ಸಾಮಿಲ್‌ನಿಂದ ನಾಲ್ಕು ಚೀಲ ಮರದಪುಡಿ ಪುಕ್ಕಟೆ ಸಿಕ್ಕಿತು. ಪುಕ್ಕಟೆ ಸಿಕ್ಕರೆ ನಮಗೆ ತಲೆ ಓಡೋಲ್ಲ ನೋಡಿ. ಬದನೆ ಮಡಿಗೆ ಅರ್ಧ ಮೇಲೆ ಹಾಕಿದೆ, ಅರ್ಧ ಗುದ್ದಲಿಯಿಂದ ಮಣ್ಣಿಗೇ ಕಲಸಿದೆ, ಗೊಬ್ಬರ ಆಗಲಿ ಅಂತ. ಮೂರು ವಾರಕ್ಕೆ ಗಿಡ ಅರಿಶಿನ ಕುಡಿದ ಹಾಗೆ. ಹಳೇ ಎಲೆಯಿಂದ ಶುರುವಾಗಿ ಒಂದೊಂದೇ ಹಳದಿ.

ಆಮೇಲೆ ಕೃಷಿ ಓದಿದ ಸಂಬಂಧಿಕರೊಬ್ಬರು ಬಿಡಿಸಿ ಹೇಳಿದರು. ಮರದಪುಡಿಯಲ್ಲಿ ಇಂಗಾಲ ಜಾಸ್ತಿ, ಸಾರಜನಕ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅದನ್ನು ಕೊಳೆಸೋಕೆ ಬರುವ ಸೂಕ್ಷ್ಮಜೀವಿಗಳಿಗೂ ಸಾರಜನಕ ಬೇಕು. ಎಲ್ಲಿಂದ ತರ್ತಾವೆ? ಮಣ್ಣಿನಿಂದ. ಅಂದರೆ ಗಿಡದ ತಟ್ಟೆಗೇ ಕೈ ಹಾಕ್ತಾವೆ. ಸುಮ್ನೆ ಮೇಲೆ ಹರಡಿದ್ದರೆ ಇಷ್ಟು ಹೊಡೆತ ಬೀಳ್ತಿರಲಿಲ್ಲ, ಮೇಲ್ಪದರದಲ್ಲೇ ಮುಗೀತಿತ್ತು. ಕಲಸಿದ್ದೇ ತಪ್ಪು. ಕಡಲೆಕಾಯಿ ಹಿಂಡಿ ನೆನೆಸಿದ ನೀರು ವಾರಕ್ಕೊಮ್ಮೆ ಹಾಕಿ ಹಾಕಿ ಹೇಗೋ ಉಳಿಸಿಕೊಂಡೆ. ಕಾಯಿ ಮಾತ್ರ ಆ ಸಲ ನೆಂಟರಿಗೆ ತೋರಿಸುವಷ್ಟೂ ಬರಲಿಲ್ಲ.

ಬೇವಿನೆಲೆ, ಹೊಂಗೆ ಎಲೆಗೆ ಈ ಭಯ ಇಲ್ಲ. ಹೊಂಗೆಯಂತೂ ಬೇಗ ಕೊಳೆತು ಉಪಕಾರವನ್ನೇ ಮಾಡುತ್ತೆ.

---

ತಾರಸಿ ತೋಟ, ಬೆಂಗಳೂರು | ಮಾರ್ಚ್ 10

ನನ್ನದು ಬರಿ ಕುಂಡ, 40 ಇವೆ. ನಮ್ಮ ರಸ್ತೆಯಲ್ಲಿ ಮಳೆಮರ ಇದೆ, ಅದರ ಎಲೆ ಚಿಲ್ಲರೆ ಕಾಸಿನ ಥರ ಸಣ್ಣ ಸಣ್ಣದು. ಕುಂಡಕ್ಕೆ ಅದಕ್ಕಿಂತ ಒಳ್ಳೆಯದು ಇಲ್ಲ. ಒಂದು ಇಂಚು ಸಾಕು, ಜಾಸ್ತಿ ಹಾಕಿದರೆ ಸಣ್ಣ ಕರಿ ನೊಣ ಏಳ್ತವೆ. ಮಾವಿನ ಎಲೆ, ಹಲಸಿನ ಎಲೆ ಹಾಗೇ ಇಡಬೇಡಿ. ತಟ್ಟೆ ಜೋಡಿಸಿದ ಹಾಗೆ ಒಂದರ ಮೇಲೊಂದು ಕೂತು ನೀರನ್ನು ಹೊರಗೆ ಜಾರಿಸುತ್ತೆ. ಗೋಣಿಚೀಲಕ್ಕೆ ತುಂಬಿ ಬಾಯಿ ಕಟ್ಟಿ ಮೇಲೆ ಕುಣಿದುಬಿಡಿ, ಪುಡಿಯಾಗುತ್ತೆ. ನಮ್ಮ ಮನೆಯಲ್ಲಿ ಆ ಕೆಲಸ ಮಕ್ಕಳದ್ದು, ಜಗಳ ಆಡಿಕೊಂಡು ಮಾಡ್ತಾರೆ.

ರಸ್ತೆ ಎಲೆ ತರೋರು ಕೈಗವಸು ಹಾಕಿಕೊಂಡು ಆರಿಸಿ. ಒಂದು ಚೀಲದಲ್ಲಿ ನನಗೆ 31 ಗುಟ್ಕಾ ಚೀಟಿ ಸಿಕ್ಕಿವೆ, ಎಣಿಸಿದ್ದೀನಿ.

---

ಹಿರಿಯೂರು ಹಿತ್ತಲು | ಮಾರ್ಚ್ 11

ಎಲ್ಲರಿಗೂ ಥ್ಯಾಂಕ್ಸ್. ಶಿರಸಿ ಅಣ್ಣಾ, ಮೊದಲು ನೀರು ಆಮೇಲೆ ಹೊದಿಕೆ, ಇದು ನನಗೆ ಗೊತ್ತೇ ಇರಲಿಲ್ಲ. ನಾನು ಎರಡು ಸಲವೂ ಒಣ ನೆಲದ ಮೇಲೇ ಸುರಿದಿದ್ದೆ.

ಇನ್ನೊಂದು ತೊಂದರೆ ಹೇಳೋಕೆ ಮರೆತೆ: ಗಾಳಿ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ. ನಿನ್ನೆ ಸಂಜೆ ಬೇವಿನೆಲೆ ಹರಡಿದೆ, ರಾತ್ರಿ ಬೀಸಿದ ಗಾಳಿಗೆ ಅರ್ಧ ಗೋಡೆ ಬುಡಕ್ಕೆ ಹೋಗಿ ಕೂತಿದೆ. ಬೆಳಿಗ್ಗೆ ಅತ್ತೆ ಅದನ್ನೂ ಗುಡಿಸಿ, "ನಿನ್ನ ಗೊಬ್ಬರ ಓಡಿಹೋಗ್ತಿತ್ತು, ಹಿಡ್ಕೊಂಡೆ" ಅಂದರು. ಚಳ್ಳಕೆರೆ ಎಣ್ಣೆ ಮಿಲ್ ಕಡೆಯಿಂದ ಕಡಲೆಕಾಯಿ ಸಿಪ್ಪೆ ತರಿಸಬಹುದು ಅಂತ ನಮ್ಮ ಮನೆಯವರು ಹೇಳ್ತಿದ್ದಾರೆ. ಅದೂ ಹಗುರ ಅಲ್ವಾ, ಅದೂ ಹಾರೋಲ್ವಾ?

---

ಚಳ್ಳಕೆರೆ ಶೇಂಗಾ | ಮಾರ್ಚ್ 12

ಅಕ್ಕಾ, ಪಕ್ಕದ ತಾಲ್ಲೂಕಿನವನು ನಾನು. ನಿಮ್ಮ ಬಿಸಿಲೂ ಗಾಳಿಯೂ ನನ್ನದೇ, ಆದ್ದರಿಂದ ಉದ್ದ ಬರೀತೀನಿ, ಬೇಜಾರು ಮಾಡ್ಕೋಬೇಡಿ.

ಸಿಪ್ಪೆ ಒಳ್ಳೆಯದೇ. ಎಲೆಗಿಂತ ಬಾಳಿಕೆ ಬರುತ್ತೆ, ಒಂದು ಬೇಸಿಗೆ ಹೇಗೂ ದಾಟಿಸುತ್ತೆ. ಹಾರುತ್ತೆ, ನಿಜ. ಅದಕ್ಕೆ ಹಿಂದಿನ ರಾತ್ರಿ ಡ್ರಮ್ಮಿನಲ್ಲಿ ನೆನೆಹಾಕಿ, ಒದ್ದೆಯಾಗಿರುವಾಗಲೇ ಹರಡಿ, ಮೇಲೆ ತೆಂಗಿನ ಗರಿ ಅಡ್ಡಡ್ಡ ಇಟ್ಟುಬಿಡಿ. ಗರಿ ದಿಂಡಿನ ಭಾರಕ್ಕೆ ಕೂತಿರುತ್ತೆ. ಎರಡು ವಾರ ನೀರು ಬಿದ್ದ ಮೇಲೆ ಸಿಪ್ಪೆ ತಾನೇ ಒಂದಕ್ಕೊಂದು ಅಂಟಿಕೊಂಡು ಚಾಪೆ ಥರ ಆಗುತ್ತೆ. ಆಗ ಗರಿ ತೆಗೆದರೂ ನಡೆಯುತ್ತೆ.

ಇನ್ನು ಹಾವು. ನಿಮ್ಮತ್ತೆ ಮಾತನ್ನು ತಳ್ಳಿಹಾಕಬೇಡಿ. ಹಾವು ಬರೋದು ಎಲೆ ತಿನ್ನೋಕಲ್ಲ, ಇಲಿ ಕಪ್ಪೆ ಹುಡುಕಿಕೊಂಡು. ಇಲಿ ಬರೋದು ಕಾಳಿಗೆ. ಸಿಪ್ಪೆ ಚೀಲದಲ್ಲಿ ಜೊಳ್ಳು ಕಾಯಿ, ಒಡೆದ ಬೀಜ ಇದ್ದೇ ಇರುತ್ತೆ. ಅದನ್ನು ಮೊರದಲ್ಲಿ ಕೇರಿ ತೆಗೆದೇ ಹಾಕಿ. ಭತ್ತದ ಹುಲ್ಲು ತಂದರೂ ಅಷ್ಟೇ, ತೆನೆ ಉಳಿದಿದ್ದರೆ ಇಲಿಗೆ ಔತಣ. ಎರಡು ಮೂರು ಇಂಚಿನ ತೆಳು ಹೊದಿಕೆಯಲ್ಲಿ ಹಾವು ಮನೆ ಮಾಡೋಕೆ ಆಗೋಲ್ಲ. ಅದಕ್ಕೆ ಬೇಕಾಗಿರೋದು ರಾಶಿ. ಹಿತ್ತಲ ಮೂಲೆಯಲ್ಲಿ ಕಟ್ಟಡದ್ದು ಉಳಿದ ಇಟ್ಟಿಗೆ, ಹಳೇ ಹೆಂಚು, ಸೌದೆ ಏನಾದರೂ ಪೇರಿಸಿಟ್ಟಿದ್ದೀರಾ ನೋಡಿ. ಇಟ್ಟಿದ್ದರೆ ಮೊದಲು ಅದನ್ನು ಎತ್ತಿ. ಗೋಡೆಯಿಂದ, ಬಾಗಿಲಿಂದ ಮೂರು ಅಡಿ ನೆಲ ಬರಿದಾಗೇ ಇರಲಿ, ಅಲ್ಲಿ ಅತ್ತೆ ಪೊರಕೆ ಆಡಿಸಲಿ.

ನನಗೆ ಹಾವಿಗಿಂತ ಚೇಳಿನ ಭಯ. ತೆಂಗಿನ ಗರಿ ಕೆಳಗೆ ಖಂಡಿತ ಸೇರ್ತಾವೆ. ಗರಿ ಎತ್ತುವಾಗ ನಿಮ್ಮ ಕಡೆಗೆ ಎತ್ತಬೇಡಿ. ಆಚೆ ತುದಿಯನ್ನು ಕೋಲಿನಿಂದ ಮೀಟಿ, ತಟ್ಟಿ, ಆಮೇಲೆ ಕೈ. ಮಗಳಿಗೂ ಹೇಳಿ, ಪೆನ್ಸಿಲ್ ಹುಡುಕೋಕೆ ಕೈ ಹಾಕಿಯಾಳು.

ಗೆದ್ದಲು ಬರುತ್ತೆ. ಬರಲ್ಲ ಅಂದರೆ ಸುಳ್ಳಾಗುತ್ತೆ. ಅದಕ್ಕೆ ಬೇಕಾಗಿರೋದು ಸತ್ತ ಒಣ ನಾರು, ಎದುರಿಗೆ ಅದೇ ಬೇಕಾದಷ್ಟು ಇರುವಾಗ ಹಸಿ ಗಿಡದ ತಂಟೆಗೆ ಹೋಗೋದು ಕಮ್ಮಿ. ಆದರೆ ಮೂರು ದಿನ ನೀರು ತಪ್ಪಿ ಗಿಡ ಸೊರಗಿದರೆ ಅದನ್ನೂ ಬಿಡೋಲ್ಲ. ಬುಡದ ಸುತ್ತ ಒಂದು ಹಿಡಿ ಬೇವಿನ ಹಿಂಡಿ ಹಾಕಿ.

---

ಕೋಲಾರ ಟೊಮೆಟೊ | ಮಾರ್ಚ್ 14

ಪ್ಲಾಸ್ಟಿಕ್ ಶೀಟ್ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಕಡೆ ಟೊಮೆಟೊ, ಕ್ಯಾಪ್ಸಿಕಂ, ಕಲ್ಲಂಗಡಿ ಅಂದರೆ ಶೀಟ್ ಇಲ್ಲದ ಹೊಲ ಹುಡುಕಬೇಕು. 25 ಮೈಕ್ರಾನ್ ದಪ್ಪದ್ದು, ಮೇಲೆ ಬೆಳ್ಳಿ ಬಣ್ಣ, ಕೆಳಗೆ ಕಪ್ಪು, ಅದರಡಿ ಡ್ರಿಪ್ ಪೈಪು. ಬೆಳಕು ಹೋಗದ ಕಾರಣ ಕಳೆ ಹುಟ್ಟೋಲ್ಲ. ಕೂಲಿಯವರು ಸಿಗದ ಈ ಕಾಲದಲ್ಲಿ ನಮಗೆ ಅದೇ ದೊಡ್ಡ ಲಾಭ. ಆದರೆ ಬೆಳೆ ಮುಗಿದ ಮೇಲೆ ಕೀಳುವಾಗ ಗೊತ್ತಾಗುತ್ತೆ ಹಣೆಬರಹ. ಬಿಸಿಲಿಗೆ ಹೋಳಿಗೆ ಥರ ಹರಿಯುತ್ತೆ, ಚೂರೆಲ್ಲ ಮಣ್ಣಲ್ಲೇ. ಉಳುಮೆ ಮಾಡಿದಾಗಲೆಲ್ಲ ಮಿಣಮಿಣ ಮೇಲೆ ಬರುತ್ತೆ. ಮಣ್ಣಿಗೆ ಅದು ಕೊಡೋದೂ ಏನೂ ಇಲ್ಲ.

12 ಬದನೆ ಗಿಡಕ್ಕೆ ಶೀಟ್ ತರಬೇಡಿ ಮೇಡಂ. ಸಿಪ್ಪೆಯೇ ಸಾಕು.

---

ಹಿರಿಯೂರು ಹಿತ್ತಲು | ಮೇ 24

ಎರಡು ತಿಂಗಳು ಮಾತೇ ಆಡಲಿಲ್ಲ, ಕ್ಷಮಿಸಿ. ಪರೀಕ್ಷೆ, ಮದುವೆ, ನೆಂಟರು. ಏನಾಯಿತು ಅಂತ ಬರೀತೀನಿ ಅಂದುಕೊಂಡು ಬರೆಯಲೇ ಇಲ್ಲ.

ಯುಗಾದಿಗೆ ಮುಂಚೆ ಆರು ಚೀಲ ಸಿಪ್ಪೆ ಬಂತು. ಅತ್ತೆ ಹತ್ತಿರ ಒಂದು ಒಪ್ಪಂದ ಮಾಡಿಕೊಂಡೆ. ಬದನೆಯ ಒಂದು ಸಾಲು ನನ್ನದು, ಇನ್ನೊಂದು ಸಾಲು ಅವರದು. ನನ್ನದಕ್ಕೆ ಹೊದಿಕೆ, ಅವರದು ಬರಿ ನೆಲ, ದಿನಾ ಗುಡಿಸಬಹುದು. ತಲಾ ಆರು ಗಿಡ. ಸುತ್ತ ಇಟ್ಟಿಗೆ ಅಂಚು ಕಟ್ಟಿದೆ. ಆ ಇಟ್ಟಿಗೆ ಎಲ್ಲಿಂದ ಬಂತು ಅಂದರೆ, ಚಳ್ಳಕೆರೆ ತಮ್ಮ ಹೇಳಿದ ಹಾಗೆ ಮೂಲೆಯಲ್ಲಿ ಪೇರಿಸಿಟ್ಟ ರಾಶಿಯಿಂದಲೇ. ಅದನ್ನು ಎತ್ತುವಾಗ ಎರಡು ಚೇಳು ಸಿಕ್ಕವು. ನಾಲ್ಕು ವರ್ಷದಿಂದ ಅದರ ಪಕ್ಕದಲ್ಲೇ ನಿಂತು ಬಟ್ಟೆ ಒಗೀತಿದ್ದೆ.

ಬರಿ ಸಾಲಿಗೆ ಏಪ್ರಿಲ್ ಪೂರ್ತಿ ದಿನಾ ಎರಡು ಕೊಡ. ಹೊದಿಕೆ ಸಾಲಿಗೂ ಮೊದಲ ವಾರ ಅಷ್ಟೇ ಹಾಕಿದೆ. ಆಮೇಲೆ ಬೆರಳು ಅದ್ದಿ ನೋಡಿ, ಒದ್ದೆ ಇದ್ದರೆ ಬಿಟ್ಟೆ. ಕೊನೆಗೆ ಮೂರು ದಿನಕ್ಕೊಮ್ಮೆ ಎರಡು ಕೊಡಕ್ಕೆ ಬಂದು ನಿಂತಿತು. ನಲ್ಲಿ ಬಿಡೋದೂ ಮೂರು ದಿನಕ್ಕೊಮ್ಮೆ, ಈಗ ಎರಡಕ್ಕೂ ತಾಳೆ. ನನ್ನ ಸೊಂಟ ನಿಮಗೆಲ್ಲ ಋಣಿ. ಮಧ್ಯಾಹ್ನ ಅಂಗೈ ಇಟ್ಟು ನೋಡಿದೆ ಶಿರಸಿ ಅಣ್ಣಾ. ಬರಿ ನೆಲದಲ್ಲಿ ಐದು ಎಣಿಸೋದರೊಳಗೆ ಕೈ ತೆಗೆದೆ. ಸಿಪ್ಪೆ ಕೆಳಗೆ, ಮಣ್ಣಿನ ಮಡಕೆಯ ಹೊರಮೈ ಮುಟ್ಟಿದ ಹಾಗಿತ್ತು. ಎರೆಹುಳು ನೋಡಿ ಎಷ್ಟು ವರ್ಷ ಆಗಿತ್ತೋ, ಎರಡು ಸಿಕ್ಕವು. ಸಣ್ಣವು, ದಾರದ ಥರ.

ಎಲ್ಲಾ ಸರಿಹೋಯಿತು ಅಂತಲ್ಲ. ಸಾಲಿನ ಮಧ್ಯೆ ಜಾಗ ಇದೆ ಅಂತ ದಂಟಿನ ಬೀಜ ಚೆಲ್ಲಿ ಮೇಲೆ ಸಿಪ್ಪೆ ಮುಚ್ಚಿಬಿಟ್ಟೆ. ಒಂದೂ ಮೇಲೆ ಬರಲಿಲ್ಲ. ರಾಗಿಯಷ್ಟೂ ಇಲ್ಲದ ಬೀಜಕ್ಕೆ ಅಷ್ಟು ಭಾರ ಹೊರಿಸಿದರೆ ಎಲ್ಲಿ ಬಂದೀತು? ಸಸಿ ಎದ್ದ ಮೇಲೆ ಹಾಕಬೇಕಿತ್ತು. ಇನ್ನು ಕಳೆ. ಸಣ್ಣಪುಟ್ಟ ಕಳೆ ನಿಂತಿತು, ಆದರೆ ಕೊನ್ನಾರಿ ಮಾತ್ರ ಸೂಜಿ ಥರ ಸಿಪ್ಪೆ ಸೀಳಿಕೊಂಡು ಬಂತು. ಅದಕ್ಕೆ ಗಡ್ಡೆ ಸಮೇತ ಕೀಳೋದೇ ದಾರಿ. ಹೊದಿಕೆ ಕೆಳಗೆ ಮಣ್ಣು ಮೆತ್ತಗಿರೋದರಿಂದ ಗಡ್ಡೆ ಕೈಗೆ ಸಿಗುತ್ತೆ, ಅಷ್ಟು ಸಮಾಧಾನ. ಗೆದ್ದಲು ಬಂತು. ತೆಂಗಿನ ಗರಿಗೆ ಮಣ್ಣು ಮೆತ್ತಿ ಒಂದು ಕಡೆಯಿಂದ ಮುಗಿಸಿದವು. ಗಿಡಕ್ಕೆ ಏನೂ ಮಾಡಲಿಲ್ಲ. ಹಾವು ಈವರೆಗೆ ಇಲ್ಲ. ಅತ್ತೆ ಪ್ರಕಾರ ಅದು ಅವರು ದಿನಾ ಗುಡಿಸುವ ಮೂರು ಅಡಿಯ ಪ್ರಭಾವ.

ಹೋದ ವಾರ ಎರಡು ಹದ ಮಳೆ ಆಯಿತು. ಬರಿ ಸಾಲಿನ ಬದನೆಕಾಯಿಗೆಲ್ಲ ಮಣ್ಣು ಸಿಡಿದು ತೊಳೆದು ತರಬೇಕಾಯಿತು. ನನ್ನ ಸಾಲಿನದು ಹಾಗೇ ಕಿತ್ತು ಎಣ್ಣೆಗಾಯಿ ಮಾಡಿದೆ.

ಅತ್ತೆ ಒಪ್ಪಿದರಾ ಅಂತ ಕೇಳ್ತೀರಿ. ಬಾಯಲ್ಲಿ ಇಲ್ಲ. "ಮಣ್ಣಿಗೆ ಕಂಬಳಿ ಹೊದಿಸಿದಾಳೆ" ಅಂತ ಬಂದವರಿಗೆಲ್ಲ ಹೇಳಿ ನಗ್ತಾರೆ. ಆದರೆ ಮೇ ಮೊದಲ ವಾರ ಬಿಸಿಲು ಜೋರಾದಾಗ ಅವರ ಮಲ್ಲಿಗೆ ಮೊಗ್ಗು ಬಾಡೋಕೆ ಶುರುವಾಗಿತ್ತು. ಒಂದು ಬೆಳಿಗ್ಗೆ ಎದ್ದು ನೋಡ್ತೀನಿ, ನನ್ನ ಸಾಲಿನ ಕೊನೆಯ ಎರಡು ಗಿಡದ ಬುಡ ಖಾಲಿ. ಮತ್ತೆ ಗುಡಿಸಿ ಸುಟ್ಟರೇನೋ ಅಂತ ಸಿಟ್ಟು ಬಂತು. ನೋಡಿದರೆ ಸಿಪ್ಪೆಯೆಲ್ಲ ಮಲ್ಲಿಗೆ ಪಾತಿಯಲ್ಲಿದೆ. ಕೇಳಿದೆ. "ರಾತ್ರಿ ಗಾಳಿ ಇತ್ತಲ್ಲ, ಹಾರಿರಬೇಕು" ಅಂದರು.

ಗಾಳಿಗೆ ಹಾರಿದ ಸಿಪ್ಪೆ ಮಲ್ಲಿಗೆ ಸುತ್ತ ದುಂಡಗೆ ಬಿದ್ದಿತ್ತು, ಬುಡದಿಂದ ಸರಿಯಾಗಿ ನಾಲ್ಕು ಬೆರಳು ಜಾಗ ಬಿಟ್ಟು.